ಕೆಂಪಣ್ಣ ಊರಿಗೆ ಬಂದದ್ದು

ಮನಶ್ಶಾಸ್ತ್ರ ಓದಬಾರದವರಲ್ಲಿ ನಾನೇ ಮೊದಲಿಗ. ಯಾವ ಮನೋರೋಗದ ಲಕ್ಷಣ ಓದಿದರೂ ಅದು ನನಗಿದೆ ಅನ್ನಿಸುತ್ತದೆ. ಕಾದಂಬರಿಯ ನಾಯಕನಿಗೆ ಬುದ್ಧಿ ಕೆಟ್ಟರೆ ನನಗೆ ಊಟ ಸೇರುವುದಿಲ್ಲ. "ನಿಮಗೆ ಹುಚ್ಚಲ್ಲ, ಅಜೀರ್ಣ" ಎಂದು ನನ್ನಾಕೆ ಜೀರಿಗೆ ಕಷಾಯ ಕೊಡುತ್ತಾಳೆ.

ಯುದ್ಧ ಮುಗಿದ ಕಾಲ. ನಾನು ಸೂಲಿಬೆಲೆಯಲ್ಲಿ ಮೇಷ್ಟ್ರಾಗಿದ್ದೆ. ಸೈನ್ಯ ಸೇರಿ ಬರ್ಮಾ ಕಡೆ ಹೋಗಿದ್ದ ನೆರೆಮನೆಯ ಕೆಂಪಣ್ಣ ಹಿಂತಿರುಗಿದ. ಮೈಮೇಲೆ ಒಂದು ಗಾಯವಿಲ್ಲ. ಹೆಂಡತಿ ಲಕ್ಷ್ಮಮ್ಮ ಆರತಿ ಹಿಡಿದು ಬಾಗಿಲಿಗೆ ಬಂದರೆ, ಅವನು ಅಂಗಳದಲ್ಲೇ ನಿಂತು, "ಕೆಂಪಣ್ಣ ಬರ್ಲಿಲ್ಲಮ್ಮಾ, ಅಲ್ಲೇ ಉಳ್ಕೊಂಡ. ಹೇಳ್ಬಿಟ್ಟು ಹೋಗೋಣ ಅಂತ ನಾನು ಬಂದೆ" ಅಂದ.

ಊರಿನವರು ದೆವ್ವ ಅಂದರು. ಅವನ ತಮ್ಮ, ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸೋಣ ಅಂದ. ನಾನು ಕನ್ನಡಕ ಸರಿಮಾಡಿಕೊಂಡು, "ಅವನ ವ್ಯಕ್ತಿತ್ವ ಸೀಳಿದೆ" ಅಂದೆ.

"ಸೀಳಿದ್ರೆ ಸೀಳ್ಲಿ ಬಿಡಿ ಮೇಷ್ಟ್ರೇ, ಸೀರೆ ಹರಿದ್ರೆ ಬಿಸಾಕ್ತೀವಾ?" ಎಂದ ಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. "ನಮ್ಮೋರು ಬರೋಗಂಟ ಹೊಲ ಬೀಳು ಬಿಡಕ್ಕಾಗಲ್ಲ. ನೀನು ಉಳ್ತೀಯೇನಪ್ಪಾ? ಜಗಲಿ ಮೇಲೆ ಮಲಕ್ಕೋ."

ಅವನು ಒಪ್ಪಿದ. ತನ್ನದೇ ಹೊಲವನ್ನು ಪರರದೆಂದು ಉತ್ತ, ತನ್ನದೇ ಮನೆಯ ಜಗಲಿಯಲ್ಲಿ ಅತಿಥಿಯಂತೆ ಮಲಗಿದ. ಹುಚ್ಚಿನ ಬಗ್ಗೆ ಕಾದಂಬರಿಕಾರರು ಮರುಗುತ್ತಾರೆ, ಶಾಸ್ತ್ರಜ್ಞರು ಅದಕ್ಕೆ ಹೆಸರಿಡುತ್ತಾರೆ. ಬರದೇ ಇರುವವನಿಗಾಗಿ ಜಾಗ ಹಿಡಿದಿಡುವುದನ್ನು ಮಾತ್ರ ನಾನು ಆ ಮನೆಯಲ್ಲೇ ಕಂಡದ್ದು.

ಮುಂಗಾರಿನಲ್ಲಿ ಅವರ ಎತ್ತು ಹಗ್ಗ ಕಿತ್ತುಕೊಂಡು ಯಾರದೋ ಪೈರಿಗೆ ನುಗ್ಗಿತು. ಆ ಹೊಲದವರು ಅದನ್ನು ತುಡುಗು ದನ ಕೂಡುವ ದೊಡ್ಡಿಗೆ ಹೊಡೆದರು. ಬಿಡಿಸಲು ಗಂಡ ಹೆಂಡತಿ ಹೊರಟರು. ಮಾತಿಗಿರಲಿ ಎಂದು ನನ್ನನ್ನೂ ಕರೆದರು.

"ಎತ್ತು ಯಾರ್ದು?" ದೊಡ್ಡಿ ಕಾಯುವವನು ಕೇಳಿದ.

"ಕೆಂಪಣ್ಣಂದು" ಅಂದ ಕೆಂಪಣ್ಣ.

"ಅವ್ನೆಲ್ಲಿ?"

"ಬರ್ಮಾದಲ್ಲವ್ನೆ."

"ಹಂಗಾದ್ರೆ ಒಡೆಯ ಇಲ್ಲ ಅನ್ನಿ. ನಾಳೆ ಹರಾಜು, ಯಾರಾದ್ರೂ ಹೊಡ್ಕೊಂಡೋಗ್ತಾರೆ."

ಪರಿಚಿತ ದನಿ ಕೇಳಿದ ಎತ್ತು ಒಳಗಿಂದ ಅಂಬಾ ಎಂದು ಕೂಗಿ ಬಾಗಿಲಿಗೆ ಅಡ್ಡ ಹಾಕಿದ್ದ ಬಿದಿರು ಗಳುವಿನ ಮೇಲೆ ಕತ್ತು ಚಾಚಿತು. ಇವನೇ ಕೆಂಪಣ್ಣ ಎನ್ನಲು ನಾನು ಬಾಯಿ ತೆರೆದೆ. ಸುಮ್ಮನಿರಿ ಎಂದು ಲಕ್ಷ್ಮಮ್ಮ ಕಣ್ಣಲ್ಲೇ ಗದರಿದಳು. ಕೆಂಪಣ್ಣ ಎರಡೂ ಕೈಯಲ್ಲಿ ಗಳು ಹಿಡಿದು ಎತ್ತಿನ ಮುಖ ನೋಡಿದ. ಆಮೇಲೆ ಅವನ ಎದೆಯೊಳಗಿನಿಂದ ಗುಡುಗು ಎದ್ದಿತು.

"ನಂದು ಕಣಯ್ಯಾ! ನನ್ನೆತ್ತು! ನಾನೇ ಕೆಂಪಣ್ಣ, ಮುನಿಯಪ್ಪನ ಮಗ! ತೆಗಿ ಗಳು!"

ಗಳು ಸರಿಯಿತು. ಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಆ ದಿನ ಪೇಟೆ ಬೀದಿಯಲ್ಲಿ ಎತ್ತಿನ ಜೊತೆ ಕೆಂಪಣ್ಣ ನಡೆದ ಗತ್ತು ಯಾವ ಮಹಾರಾಜರ ಸವಾರಿಗೂ ಇರಲಾರದು. ಸುದ್ದಿ ತಿಳಿದು ಓಡಿಬಂದ ತಮ್ಮ, ಬೀದಿಯಲ್ಲಿ ಅಣ್ಣನನ್ನು ತಬ್ಬಲು ನಾಚಿ ಎತ್ತಿನ ಕೊರಳು ತಬ್ಬಿಕೊಂಡು ಅತ್ತ.

ಮುಂದೆಯೂ ಅವನು ಒಮ್ಮೊಮ್ಮೆ ಕನಸಿನಲ್ಲಿ ಚೀರುತ್ತಿದ್ದುದುಂಟು. ಆದರೆ ಚೀರುತ್ತಿದ್ದವನು ಕೆಂಪಣ್ಣನೇ.

ಎತ್ತು ಬಿಡಿಸಿ ತಂದ ಆ ಸಂಜೆ ಅಭ್ಯಾಸಬಲದಿಂದ ಜಗಲಿಯಲ್ಲೇ ನಿಂತವನಿಗೆ, ಅಷ್ಟು ದಿನ "ನೀನು" ಅನ್ನುತ್ತಿದ್ದ ಲಕ್ಷ್ಮಮ್ಮ ಅಂದಳು: "ಅಲ್ಯಾಕೆ ನಿಂತ್ರಿ? ಒಳಕ್ ಬನ್ನಿ, ಮುದ್ದೆ ಆರೋಗ್ತದೆ."

ಅವನು ಅವಸರದಲ್ಲಿ ಬಗ್ಗುವುದು ಮರೆತು ತಗ್ಗು ಬಾಗಿಲಿಗೆ ಹಣೆ ಬಡಿಸಿಕೊಂಡ. "ಅಯ್ಯೋ, ನನ್ ತಲೆ!" ಎಂದು ಕೂಗಿದ.

ತಲೆ ತನ್ನದೇ ಎಂದು ಅಷ್ಟು ಖುಷಿಯಿಂದ ಕೂಗಿದವರನ್ನು ನಾನು ಇನ್ನೂ ಕಂಡಿಲ್ಲ.