ಬಿಸಿಲು ಮನೆಯ ಮುನಿಗಂಗಮ್ಮ

ಮುನಿಗಂಗಮ್ಮನ ಬಾಯಿಗೆ ಬೀಗವಿಲ್ಲ ಎಂದು ಕೋಲಾರದ ಚಿನ್ನದ ಗಣಿಯ ಮೈಸೂರು ಮೈನ್ಸಿನ ಲೈನುಮನೆಗಳಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಆಕೆಯೂ ಒಪ್ಪುತ್ತಿದ್ದಳು. ಬೂದಿಕೋಟೆಯ ಹೊಲಗೆಲಸದ ಮನೆಯಲ್ಲಿ ಹುಟ್ಟಿ, ಗಣಿಯಲ್ಲಿ ಮರಗೆಲಸ ಮಾಡುತ್ತಿದ್ದ ವೆಂಕಟೇಶಪ್ಪನ ಕೈಹಿಡಿದು ಬಂದವಳು. ಮೂವರು ಗಂಡುಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಮೇಲೆ, ಐವತ್ತೆರಡನೇ ಇಸವಿಯಲ್ಲಿ ಮಕ್ಕಳ ಮನೆಗೆ ಆಯಾ ಆಗಿ ಸೇರಿದಳು. ಗಣಿಯ ಮೇಲುಗಡೆ ಕೆಲಸ ಮಾಡುವ ಹೆಂಗಸರು ಬೆಳಿಗ್ಗೆ ಕೂಸುಗಳನ್ನು ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಿದ್ದ ಜಾಗ ಅದು. ಅಲ್ಲಿ ಅವಳು ಹದಿನೈದು ವರ್ಷ ಇದ್ದಳು. ಅಷ್ಟು ವರ್ಷಗಳಲ್ಲಿ ಯಾರೋ ಆಡಿದ ಮಾತಿಗೆ ಎದುರು ಮಾತಾಡದೆ ಸುಮ್ಮನಾದದ್ದು ಒಂದೇ ಒಂದು ಸಲ. ಹೇಳಬೇಕಾದ್ದು ಅದನ್ನೇ.

ಅದಕ್ಕೂ ಮೊದಲು ಅವಳ ಚಳಿಗಾಲದ ಕಾರುಬಾರು ಗೊತ್ತಿರಬೇಕು. ಧನುರ್ಮಾಸ ಬಂತೆಂದರೆ ಕೂಸುಗಳು ಮೂಟೆಗಳಾಗಿ ಬರುತ್ತಿದ್ದವು. ತಲೆಗೆ ಹರಳೆಣ್ಣೆ, ಅದರ ಮೇಲೆ ಕುಲಾವಿ, ಅದರ ಮೇಲೆ ಅಪ್ಪನ ಹಳೇ ಪಂಚೆ, ಎಲ್ಲಕ್ಕೂ ಮೇಲೆ ಕಂಬಳಿ. ಬಿಚ್ಚಬಾರದು ಎಂದು ತಾಯಂದಿರ ಕಟ್ಟಪ್ಪಣೆ. ಮುನಿಗಂಗಮ್ಮ ಅವರೆದುರು ತಲೆಯಾಡಿಸಿ, ಅವರು ಬೀದಿ ತಿರುಗಿದ ಕೂಡಲೇ ಒಂದೊಂದೇ ಪದರ ಬಿಚ್ಚುತ್ತಿದ್ದಳು. ಆಮೇಲೆ ರೈಲಾಟ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬೀಸುವ ಗಾಳಿಗೆ ಮಕ್ಕಳ ಬಾಯಿಯಿಂದ ಹೊಗೆ ಏಳುತ್ತಿತ್ತಲ್ಲ, ಅದೇ ಇಂಜಿನ್ನಿನ ಹೊಗೆ. ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಮಾರಿಕುಪ್ಪದಿಂದ ಹೊರಟು, ಉರಿಗಾಂನಲ್ಲಿ ನಿಂತು, ಬಂಗಾರಪೇಟೆ ಮುಟ್ಟುವ ಹೊತ್ತಿಗೆ ಎಲ್ಲರ ಮೈ ಬೆಚ್ಚಗಾಗುತ್ತಿತ್ತು.

ಬಂಗಾರಪೇಟೆಯಲ್ಲಿ ಇಳಿದ ಮೇಲೆ ಬಿಸಿಲು ಮನೆ. ಅಂಗಳಕ್ಕೆ ಸುತ್ತಲೂ ಗೋಡೆ, ಪಕ್ಕದಲ್ಲಿ ಎತ್ತರದ ಉಗ್ರಾಣ. ಎರಡು ಗೋಡೆಗಳ ನಡುವಿನ ಸಂದಿನಿಂದ ಚಾಪೆಯಗಲದ ಬಿಸಿಲು ಮೊದಲು ನಲ್ಲಿಯ ಹತ್ತಿರ ಬೀಳುತ್ತಿತ್ತು. ಮುನಿಗಂಗಮ್ಮ ಅದರ ಸುತ್ತ ಇದ್ದಿಲಿನಿಂದ ಗೆರೆ ಎಳೆದು, ಬಾಗಿಲು ಬಿಟ್ಟು, ಇದೇ ಮನೆ ಎನ್ನುತ್ತಿದ್ದಳು. ಮಕ್ಕಳು ತೆಂಗಿನ ಚಿಪ್ಪು, ಡಬ್ಬಿ, ಮುರುಕು ಮಡಕೆ ತಂದು ಸಂಸಾರ ಹೂಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಬಿಸಿಲು ಸರಿದು ಗೆರೆ ನೆರಳಿಗೆ ಬೀಳುತ್ತಿತ್ತು. "ಮನೆ ಖಾಲಿ ಮಾಡ್ರೋ, ಬಿಸ್ಲು ಓಯ್ತು" ಎಂದು ಅವಳು ಕೂಗಿದರೆ ಸಾಕು, ಪಾತ್ರೆ ಪಡಗ ಹೊತ್ತುಕೊಂಡು ಎಲ್ಲರೂ ಹೊಸ ಮನೆಗೆ. ಹನ್ನೊಂದು ಗಂಟೆಗೆ ಬಿಸಿಲು ಜಗಲಿಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಐದಾರು ಮನೆ ಬದಲಾಗಿರುತ್ತಿತ್ತು.

ಐವತ್ತೆಂಟರ ಚಳಿಗಾಲದಲ್ಲಿ ಕೋದಂಡ ಬಂದ. ಹೆಸರು ಇಷ್ಟು ದೊಡ್ಡದು, ಆಸಾಮಿಗೆ ಇನ್ನೂ ಎರಡು ವರ್ಷ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ, ಕಿಲಕಿಲ ನಗುವ ಹುಡುಗ, ಆದರೆ ನಡೆಯುತ್ತಿರಲಿಲ್ಲ. ಅವನ ತಾಯಿ ಪಾಪಕ್ಕ ಇಪ್ಪತ್ತು ದಾಟದ ಹುಡುಗಿ, ಮೆತ್ತನೆಯವಳು. ಅತ್ತೆ ಅಮ್ಮಾಜಮ್ಮನ ಎದುರು ಅವಳಿಗೆ ದನಿಯೇ ಹೊರಡುತ್ತಿರಲಿಲ್ಲ. ನೆಲಕ್ಕೆ ಕಾಲು ತಾಕಿದರೆ ಶೀತ ಏರುತ್ತದೆಂದು ಅಮ್ಮಾಜಮ್ಮ ಮೊಮ್ಮಗನನ್ನು ಹುಟ್ಟಿದಾಗಿನಿಂದ ಸೊಂಟದಿಂದ ಇಳಿಸಿರಲಿಲ್ಲ. ಈಗ ಅವನು ನಡೆಯಲಿಲ್ಲವೆಂದು ಹೆದರಿದವಳೂ ಅವಳೇ.

ಒಂದು ಸಂಜೆ ಪಾಪಕ್ಕ ಮಗನನ್ನು ಎತ್ತಿಕೊಳ್ಳಲು ಬಂದವಳು ಬಾಗಿಲಲ್ಲೇ ಕುಸಿದು ಕೂತಳು.

"ಸಂಕ್ರಾಂತಿ ಅಬ್ಬದ ಮಾರನೆ ದಿನ ಕಾಮಸಮುದ್ರದ ಕಡೆ ಕರ್ಕೊಂಡೋಗ್ತಾರಂತೆ ಅಕ್ಕಾ. ಅಲ್ಲೊಬ್ಬ ಬರೆ ಆಕ್ತಾನಂತೆ. ಎರಡೂ ಮೊಣಕಾಲಿಗೆ ಕಾದ ಸೂಜಿ ಇಕ್ಕಿದ್ರೆ ನಡೀತದೆ ಅಂತ ನಮ್ಮತ್ತೆ ಏಳ್ತಾರೆ."

ಬೂದಿಕೋಟೆಯಲ್ಲಿ ಮುನಿಗಂಗಮ್ಮನ ತಮ್ಮನ ಹೊಟ್ಟೆಯ ಮೇಲೆ ಅಂಥ ನಾಲ್ಕು ಬರೆಗಳಿದ್ದವು. ಅವನು ಕೂಗಿದ ಕೂಗು ಅವಳಿಗಿನ್ನೂ ಮರೆತಿರಲಿಲ್ಲ. ಆವತ್ತೇ ಅಮ್ಮಾಜಮ್ಮನ ಮನೆಯ ಮುಂದೆ ಹೋಗಿ, ನಾಲ್ಕು ಮನೆಯವರು ಕೇಳುವಂತೆ ಹೇಳಿಬಿಟ್ಟಳು.

"ಸಂಕ್ರಾಂತಿಗೆ ಮುಂಚೆ ಈ ಮಗ ನಡೀತಾನೆ ಕಣಮ್ಮ. ನಡೀದಿದ್ರೆ ನಾನು ಕೆಲಸ ಬಿಟ್ಟು ಬೂದಿಕೋಟೆಗೆ ಓಗಿ ಎಮ್ಮೆ ಕಾಯ್ತೀನಿ. ನಡೆದ್ರೆ ನೀವು ಅವನ ಮೈ ಮುಟ್ಟಂಗಿಲ್ಲ."

"ನೋಡಾನ ನೋಡಾನ" ಎಂದಳು ಅಮ್ಮಾಜಮ್ಮ. "ಆಡಿಸೋ ಆಯಾಗೆ ಇಷ್ಟು ಬಾಯಾ."

ವೆಂಕಟೇಶಪ್ಪ ತಲೆ ಚಚ್ಚಿಕೊಂಡ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವರನ್ನು ನಡೆಸಿದವಳು, ನಾಲ್ಕನೆಯವನು ಯಾವ ಲೆಕ್ಕ.

ಆದರೆ ಮೊದಲ ವಾರವೇ ಎಡವಿದಳು. ಕಂಬಳಿ ಬಿಚ್ಚಿ, ಎರಡೂ ರಟ್ಟೆ ಹಿಡಿದು ನಿಲ್ಲಿಸಿದಳು. ನಡಿ ನಡಿ ಎಂದು ಎಳೆದಳು. ಅವನು ಕಾಲು ಮಡಚಿಕೊಂಡು ಕಿರುಚಿದ. ಎಷ್ಟು ಆತುರಪಟ್ಟಳೋ ಅಷ್ಟೂ ಕೆಟ್ಟಿತು. ಆಮೇಲೆ ಅವಳು ಕೈ ಚಾಚಿದರೆ ಸಾಕು, ಮೊಣಕಾಲು ಎದೆಗೆ ಸೇರಿಸಿ ಕೂತುಬಿಡುತ್ತಿದ್ದ. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಾಯಿತು. ಪಂಥ ಕಟ್ಟಿದವಳು ತಾನು, ಕೂಸಿಗೆ ಸಂಕ್ರಾಂತಿ ಏನು ಗೊತ್ತು. ಅಂದಿನಿಂದ ಅವನ ಕಾಲಿನ ಮಾತೇ ಬಿಟ್ಟಳು. ಬಿಸಿಲು ಮನೆಯಲ್ಲಿ ಒಂದು ಮೂಲೆ ಕೊಟ್ಟು ಅವನ ಪಾಡಿಗೆ ಅವನನ್ನು ಬಿಟ್ಟಳು. ಮನೆ ಬದಲಾದಾಗ ಅವನು ಕುಂಡಿ ಎಳೆದುಕೊಂಡೇ ಹಿಂದಿನಿಂದ ಬರುತ್ತಿದ್ದ. ಎಲ್ಲರಿಗಿಂತ ಕೊನೆಗೆ ಬಂದರೂ ನಗುತ್ತ ಬರುತ್ತಿದ್ದ. ದಿನಗಳು ಮಾತ್ರ ಓಡಿದವು.

ಹಬ್ಬಕ್ಕೆ ನಾಲ್ಕೇ ದಿನ ಉಳಿದ ಶನಿವಾರ. ತವರಿನಿಂದ ಬಂದಿದ್ದ ಅವರೆಕಾಯಿ ಸುಲಿದು, ಕಾಳನ್ನು ನೆನೆಹಾಕಿ ತಂದಿದ್ದಳು. ಅಂದಿನ ಆಟ ಕಾಳು ಹಿತುಕುವುದು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಸಿಪ್ಪೆಯಿಂದ ಹಾರಿ ಒಬ್ಬರ ಮೂಗಿಗೋ ಮಡಿಲಿಗೋ ಬೀಳುತ್ತಿತ್ತು. ಬಾಯಿಗೆ ಹಾಕಿಕೊಂಡವರು ಆಟದಿಂದ ಹೊರಗೆ ಎಂದು ಹೇಳಿ, ಅವಳು ಕಣ್ಣು ಕೀಳದೆ ಕಾಯುತ್ತಿದ್ದಳು. ಕೋದಂಡನಿಗೆ ಈ ಆಟ ಹುಚ್ಚು ಹಿಡಿಸಿತು. ನಾಲಗೆ ಹೊರಹಾಕಿ, ಒಂದೊಂದೇ ಒತ್ತಿ ಒತ್ತಿ, ಚಿಪ್ಪಿನ ತುಂಬ ಬೇಳೆ ಮಾಡಿಕೊಂಡ. ಯಾರನ್ನೂ ಹತ್ತಿರ ಸೇರಿಸಲಿಲ್ಲ.

"ಮನೆ ಖಾಲಿ ಮಾಡ್ರೋ, ಬಿಸ್ಲು ಓಯ್ತು."

ಮಕ್ಕಳೆಲ್ಲ ಓಡಿದವು. ಕೋದಂಡ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನೆರಳಲ್ಲಿ ಉಳಿದ. ಕೈ ಊರಿದರೆ ಬೇಳೆ ಚೆಲ್ಲುತ್ತದೆ. ಊರದೆ ಕುಂಡಿ ಎಳೆಯಲಾಗದು. ಚಿಪ್ಪು ನೋಡಿದ, ಬಿಸಿಲು ನೋಡಿದ, ಮುನಿಗಂಗಮ್ಮನನ್ನೂ ನೋಡಿದ. ಅವಳ ಕೈ ಮುಂದಕ್ಕೆ ಬಂದಿತ್ತು. ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಬಚ್ಚಿಟ್ಟಳು. ಅವನು ಗೋಡೆಗೆ ಬೆನ್ನು ಕೊಟ್ಟು ಒರಸಿಕೊಂಡು ಮೇಲಕ್ಕೆ ಎದ್ದ. ಗೋಡೆ ಬಿಟ್ಟ. ಕಣ್ಣು ಚಿಪ್ಪಿನ ಮೇಲೇ ಇಟ್ಟು, ಕಾಲು ಅಗಲಿಸಿ, ಒಂದು, ಎರಡು, ಮೂರು. ಹನ್ನೊಂದು ಹೆಜ್ಜೆ. ಬಿಸಿಲಿಗೆ ಬಂದು ಧೊಪ್ಪನೆ ಕೂತ. ಒಂದು ಬೇಳೆಯೂ ಚೆಲ್ಲಿರಲಿಲ್ಲ.

ಮುನಿಗಂಗಮ್ಮನಿಗೆ ಅಳು ಬಂತು, ಅತ್ತಳು. ಕಂಡ ದೊಡ್ಡವರು ಯಾರೂ ಇರಲಿಲ್ಲ. ಅಡುಗೆಯ ಗಂಗರತ್ನಮ್ಮ ಒಳಗೆ ಹಾಲು ಕಾಯಿಸುತ್ತಿದ್ದಳು. ಕಂಡ ಮಕ್ಕಳಿಗೆ ಅದು ಸುದ್ದಿಯೇ ಅಲ್ಲ, ಅವರೆಲ್ಲ ಎಂದೋ ನಡೆದವರು. ಬೀದಿಗಿಳಿದು ಅಮ್ಮಾಜಮ್ಮನ ಮನೆಯವರೆಗೂ ಕೂಗಿಕೊಂಡು ಹೋಗಬೇಕೆಂದು ಅವಳಿಗೆ ಕಾಲು ತುರಿಸಿತು. ಬಾಗಿಲವರೆಗೆ ಹೋದಳು ಕೂಡ.

ಅಲ್ಲಿ ನಿಂತಳು. ಎರಡು ವರ್ಷದ ಹಿಂದೆ ಒಬ್ಬ ತಾಯಿಗೆ, ನಿನ್ನ ಮಗಳು ಇವತ್ತು ಮೊದಲ ಸಲ ಅಮ್ಮಾ ಅಂದಳು ಎಂದು ಹಿಗ್ಗಿ ಹೇಳಿದ್ದಳು. ಯಾರಿಗೆ ಅಂದಳು ಎಂದು ಆ ತಾಯಿ ಕೇಳಿದಳು. ನನಗೆ, ಎಂದಿದ್ದಳು ಮುನಿಗಂಗಮ್ಮ. ಆ ಹೆಂಗಸಿನ ಮುಖ ಬಾಡಿತು, ಮಗುವನ್ನು ಎತ್ತಿಕೊಂಡು ಹೋದಳು. ಆ ಮುಖ ಈಗ ಪಾಪಕ್ಕನಿಗೆ ಬರಬಾರದು. ಅಲ್ಲದೆ, ಅಮ್ಮಾಜಮ್ಮ ನಂಬುತ್ತಾಳೆಯೇ? ಪಂಥ ಗೆಲ್ಲಲು ಆಯಾ ಸುಳ್ಳು ಹೇಳಿದಳು ಎಂದು ಹಟಕ್ಕೆ ಬಿದ್ದು ನಾಳೆಯೇ ಕಾಮಸಮುದ್ರದ ಬಸ್ಸು ಹತ್ತಿಯಾಳು. ತನ್ನ ಕಣ್ಣಿನಿಂದ ನೋಡಿದರೆ ಮಾತ್ರ ಮುದುಕಿ ಸೂಜಿ ಮರೆಯುವುದು. ತಾನೇ ನಡೆಸಿದೆನೆಂದು ಅಂದುಕೊಂಡರಂತೂ ಇನ್ನೂ ಒಳ್ಳೆಯದು.

ಸಂಜೆ ಪಾಪಕ್ಕ ಬಂದಾಗ ಮುನಿಗಂಗಮ್ಮ ಒಂದು ಗಂಟು ಅವರೆಕಾಳು ಕೊಟ್ಟಳು.

"ನಾಳೆ ಬಾನುವಾರ. ಬಿಸ್ಲು ಬಂದ್ಮೇಲೆ ನಿಮ್ಮತ್ತೇನ ಅಂಗಳದಾಗೆ ಕೂಡ್ಸು, ಇತ್ಕಲಿ. ಇವನನ್ನ ನೆರಳಾಗೆ ಗೋಡೆಗೆ ಒರಗಿಸಿ ಕೂಡ್ಸಿ ಇವನ ಕೈಗೂ ಕೊಡು. ಚಿಪ್ಪು ತುಂಬಿದ್ಮೇಲೆ, ಅಜ್ಜಿ ಕರೀತಾರೆ, ತಕೊಂಡೋಗು ಅನ್ನು. ನೀನು ಎತ್ಕೋಬ್ಯಾಡ. ಚಿಪ್ಪೂ ಇಸ್ಕೋಬ್ಯಾಡ."

"ಯಾಕಕ್ಕಾ?"

"ಏಳ್ದಷ್ಟು ಮಾಡು."

ಭಾನುವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಜ್ವರವೇನೋ ಎಂದು ವೆಂಕಟೇಶಪ್ಪ ಹಣೆ ಮುಟ್ಟಿ ನೋಡಿದ.

ಸೋಮವಾರ ಬೆಳಿಗ್ಗೆ ಬಾಗಿಲಿಗೆ ಮೊದಲು ಬಂದವಳು ಅಮ್ಮಾಜಮ್ಮ. ಅವಳ ತೋರುಬೆರಳು ಹಿಡಿದು, ಕಂಬಳಿ ಎಳೆದುಕೊಂಡು, ಕೋದಂಡ ತೂರಾಡುತ್ತಿದ್ದ. ಹಿಂದೆ ಪಾಪಕ್ಕ, ಮುಖದ ತುಂಬ ನಗು.

"ನೋಡ್ದೇನೇ ಗಂಗಮ್ಮ" ಎಂದಳು ಅಮ್ಮಾಜಮ್ಮ. "ನಿನ್ ಆಟದಿಂದೇನೂ ಆಗ್ಲಿಲ್ಲ. ಎರಡು ವರ್ಷ ಅರಳೆಣ್ಣೆ ತಿಕ್ಕಿದ್ದು ಈ ಕೈ. ನಾನು ಬಾ ಅಂದೆ, ಎದ್ದು ಬಂದ. ಕಾಮಸಮುದ್ರಕ್ಕೆ ಓಗೋ ಕೆಲಸ ತಪ್ತು. ನೀನು ಸುಮ್ನೆ ಬಾಯಿ ಬಡ್ಕೊಂಡೆ."

ಬೀದಿಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದರು. ಮುನಿಗಂಗಮ್ಮನ ನಾಲಗೆಯ ತುದಿಗೆ ಬಂದದ್ದು ಎಷ್ಟೋ. ಎಲ್ಲವನ್ನೂ ನುಂಗಿದಳು.

"ಔದಮ್ಮ. ನಿಮ್ಮ ಕೈಗುಣ" ಎಂದಳು.

ಅತ್ತೆ ಗೆದ್ದ ನಡಿಗೆಯಲ್ಲಿ ಹೊರಟ ಮೇಲೆ ಪಾಪಕ್ಕ ಹತ್ತಿರ ಬಂದು ಅವಳ ಕೈ ಹಿಡಿದಳು.

"ಅವರು ಕಾಳಿನ ಕಡೆ ನೋಡ್ತಿದ್ರು ಅಕ್ಕಾ. ಎದ್ದಿದ್ದನ್ನ ಮೊದ್ಲು ನೋಡ್ದೋಳು ನಾನೇ. ಮೊದಲ್ನೆ ಎಜ್ಜೆ ನಾನೊಬ್ಳೇ ಕಂಡಿದ್ದು. ಬೇರೆ ಯಾರೂ ಕಂಡಿಲ್ಲ."

"ಎಷ್ಟು ಎಜ್ಜೆ ಇಕ್ಕಿದ?" ಎಂದು ಕೇಳಿದಳು ಮುನಿಗಂಗಮ್ಮ.

"ನಾಲ್ಕು."

"ಮೊದಲ್ನೆ ಸಲಕ್ಕೇ ನಾಲ್ಕಾ?" ಎಂದು ಮುನಿಗಂಗಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಕೂತ್ಕೋ, ಮೊದ್ಲಿಂದ ಏನೇನಾಯ್ತು ಅಂತ ಏಳು ಮತ್ತೆ."