ರೊಟ್ಟಿ ಬಡಿದರೆ ಹಾರುತ್ತಿದ್ದ ಸೂಜಿ

ಇವತ್ತು ಹೋಟೆಲೊಂದರಲ್ಲಿ ರೆಕಾರ್ಡ್ ಪ್ಲೇಯರ್ ನೋಡಿ ಸಿಟ್ಟು ಬಂತು. ಸೂಜಿಯೇ ಇಲ್ಲ, ಮೇಲೊಂದು ಹೂದಾನಿ!

ನನ್ನ ಚಿಕ್ಕಂದಿನಲ್ಲಿ, ಖಡಕಿ ಎಂಬ ಊರಿನ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ನಮ್ಮದು ಮಾಳಿಗೆಯ ಮನೆ, ಮರದ ಹಲಗೆಯ ನೆಲ. ಅಪ್ಪ ಹೊಸ ಪ್ಲೇಯರ್ ತಂದು, ಹಾಡು ಕೇಳಿಸುತ್ತೇನೆಂದು ಕಾರ್ಖಾನೆಯ ಗೆಳೆಯರನ್ನು ಊಟಕ್ಕೆ ಕರೆದಿದ್ದ. ತಾಟಿನಲ್ಲಿ ನೀರಿಟ್ಟು ನೋಡಿ ಪ್ಲೇಯರನ್ನು ಸಮ ಮಾಡಿದ್ದ, ಮೆತ್ತನೆಯ ಬಟ್ಟೆಯಿಂದ ರೆಕಾರ್ಡಿನ ಧೂಳು ಒರೆಸಿದ್ದ. ಆದರೂ ಸೂಜಿ ಹಾರಿ ಹಾರಿ ಬೀಳುತ್ತಿತ್ತು. ಗೆಳೆಯರು ಮುಸಿಮುಸಿ ನಕ್ಕರು.

"ಅಂಗಡಿಯವ ಮೋಸ ಮಾಡ್ಯಾನ!" ಅಪ್ಪ ಚೀರಿದ.

ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಹೊರಗೆ ಬಂದಳು. "ಯಾಕ್ರೀ ಒದರಾಕತ್ತೀರಿ?"

ಅವಳು ನಿಂತಿರುವಷ್ಟು ಹೊತ್ತು ಹಾಡು ನೆಟ್ಟಗೆ ಬಂತು. ಒಳಗೆ ಹೋಗಿ ರೊಟ್ಟಿ ಬಡಿದಳು, ಹಲಗೆ ನಡುಗಿ ಸೂಜಿ ಮತ್ತೆ ಹಾರಿತು.

"ರೊಟ್ಟಿ ನಿಲ್ಸ ಮಾರಾಯ್ತಿ!"

"ನಿಲ್ಸತೇನ್ರಿ. ನಿಮ್ಮ ಗೆಳ್ಯಾರಿಗೆ ಹಾಡನ್ನ ಬಡಸ್ರಿ."

ಗೆಳೆಯರೆಲ್ಲ ಒಂದೇ ದನಿಯಲ್ಲಿ, "ಮೊದಲ ರೊಟ್ಟಿ ಆಗ್ಲಿ ಬಿಡ್ರಿ!" ಎಂದರು.

ಊಟವಾದ ಮೇಲೆ ಅಪ್ಪ ಮತ್ತೆ ರೆಕಾರ್ಡ್ ಹಾಕಿದ. ಸೂಜಿ ಒಮ್ಮೆಯೂ ಹಾರಲಿಲ್ಲ. ಗೆಳೆಯರೆಲ್ಲ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಹಾಡು ಕೇಳಿದ್ದು ನಾವು ಮೂವರೇ.

ಅಷ್ಟು ಚೊಕ್ಕ ಹಾಡನ್ನು ಆಮೇಲೆ ನಾನು ಕೇಳಿಲ್ಲ. ಮೊಬೈಲಿನಲ್ಲಿ ಹಾಡು ಕೇಳುವವರು ವಾದಕ್ಕೆ ಬರಬೇಡಿ.