ಅತ್ತಿಗೆ ಡೆಲಿಗೇಟ್ ಮಾಡಿದ್ದು

ನಮ್ಮ ಅತ್ತಿಗೆಗೆ ಬಾರದ ಕೆಲಸವಿಲ್ಲ. ಅದೇ ಕಾರಣಕ್ಕೆ ಅವರ ಸುತ್ತ ಇರುವ ಯಾರಿಗೂ ಯಾವ ಕೆಲಸವೂ ಬರುವುದಿಲ್ಲ. ಮದುವೆಯಾಗುವ ತನಕ ನಮ್ಮಣ್ಣ ತನ್ನ ಅಂಗಿಗೆ ತಾನೇ ಗುಂಡಿ ಹೊಲಿದುಕೊಳ್ಳುತ್ತಿದ್ದ. ಈಗ ನೀರು ಕುಡಿಯುವುದಕ್ಕೆ ಲೋಟ ಎಲ್ಲಿದೆ ಎಂದು ಕೇಳುತ್ತಾನೆ. ಇದನ್ನು ಹೇಳಿದರೆ ನಾದಿನಿಯ ನಾಲಗೆ ಎನ್ನುತ್ತಾರೆ. ಅನ್ನಲಿ ಬಿಡಿ.

ಅತ್ತಿಗೆ ಇಪ್ಪತ್ತೆಂಟು ವರ್ಷದಿಂದ ದೊಡ್ಡದೊಂದು ಆಸ್ಪತ್ರೆಯ ಬಟ್ಟೆ ಕೋಣೆಯ ಮುಖ್ಯಸ್ಥೆ. ಒಗೆದು ಇಸ್ತ್ರಿಯಾಗಿ ಬಂದ ಹಾಸು, ಹೊದಿಕೆ, ರೋಗಿಗಳ ಗೌನು ಎಲ್ಲವೂ ಅವರ ಕೈ ದಾಟಿಯೇ ವಾರ್ಡುಗಳಿಗೆ ಹೋಗಬೇಕು. ಪ್ರತಿ ಬಟ್ಟೆಯ ಅಂಚಿನ ಮೇಲೂ ಹೆಬ್ಬೆರಳು ಓಡಿಸುತ್ತಾರೆ. ಹೊಲಿಗೆ ಬಿಟ್ಟಿರುವಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ. ಆಮೇಲೆ ಮೂಸುತ್ತಾರೆ. ಕೈಕೆಳಗೆ ಮೂವರು ಹೆಂಗಸರಿದ್ದಾರೆ, ಅತ್ತಿಗೆ ಮೂಸುವುದನ್ನು ನೋಡುವುದು ಅವರ ಕೆಲಸ. ಅವರಲ್ಲಿ ಹಿರಿಯಳಿಗೆ ಅತ್ತಿಗೆ ಗೊಣಗಮ್ಮ ಎಂದು ಹೆಸರಿಟ್ಟಿದ್ದಾರೆ. ಹನ್ನೊಂದು ವರ್ಷ ಸುಮ್ಮನೆ ನಿಲ್ಲಿಸಿಟ್ಟರೆ ಯಾರಾದರೂ ಗೊಣಗುತ್ತಾರೆ.

ಹೀಗಿರುವಾಗ, ಎಡಗಣ್ಣು ಮೊದಲಿಂದಲೂ ಮಂದವಾಗಿದ್ದ ಅತ್ತಿಗೆಯ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಆದ ಮೇಲೆ ಮೂರು ವಾರ ತಲೆ ಬಗ್ಗಿಸದೆ ಮನೆಯಲ್ಲಿರಬೇಕು ಎಂದರು ಡಾಕ್ಟರು. ಬಟ್ಟೆ ಕೋಣೆ ಯಾರು ನೋಡುತ್ತಾರೆ ಎಂದು ಅತ್ತಿಗೆ ಎರಡು ಸಲ ದಿನ ಮುಂದೂಡಿದರು. ಮೂರನೆಯ ಸಲ ಡಾಕ್ಟರು ಮುಖ ಗಂಟು ಹಾಕಿಕೊಂಡು, "ಪೊರೆ ಕಲ್ಲಾಗ್ತಿದೆಯಮ್ಮ. ಈ ಸಲ ತಪ್ಪಿಸಿದ್ರೆ ಆ ಕಣ್ಣಿನ ಆಸೆ ಬಿಟ್ಟುಬಿಡಿ," ಎಂದರು. ಅದೇ ದಿನ ಆಸ್ಪತ್ರೆಯ ಮ್ಯಾನೇಜರ್ ಹೆಂಗಸು ಕರೆದು, ನಿಮಗೆ ಡೆಲಿಗೇಟ್ ಮಾಡೋದೇ ಗೊತ್ತಿಲ್ಲ, ಮೊದಲು ಅದನ್ನ ಕಲೀರಿ, ಎಂದಳಂತೆ.

ತನಗೆ ಗೊತ್ತಿಲ್ಲದ ಕೆಲಸವೊಂದು ಜಗತ್ತಿನಲ್ಲಿದೆ ಎಂದು ತಿಳಿದ ಮೇಲೆ ಅತ್ತಿಗೆಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ನನ್ನ ಹತ್ತಿರ ಬಂದರು. ನಾನು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು.

"ಡೆಲಿಗೇಟ್ ಮಾಡೋದು ಅಂದ್ರೆ ಏನೇ?"

"ನಮ್ಮ ಕೆಲಸಾನ ಅಧಿಕಾರದ ಸಮೇತ ಇನ್ನೊಬ್ಬರಿಗೆ ಒಪ್ಪಿಸೋದು ಅತ್ತಿಗೆ."

"ಅಷ್ಟೇನಾ? ಇವತ್ತೇ ಶುರು ಮಾಡ್ತೀನಿ."

ಅಲ್ಲಿಂದ ನಮ್ಮ ಮನೆಗೆ ಗ್ರಹಚಾರ ವಕ್ಕರಿಸಿತು. ಅಣ್ಣನಿಗೆ ಇಸ್ತ್ರಿ ಡೆಲಿಗೇಟ್ ಆಯಿತು. ಅವನು ಪೆಟ್ಟಿಗೆ ಎತ್ತಿಕೊಂಡದ್ದೇ ತಡ, ಹಿಂದೆ ನಿಂತು, "ಕಾಲರ್ ಮೊದಲು. ಆ ಕಡೆಯಿಂದಲ್ಲ. ನೀರು ಚಿಮುಕಿಸಿ. ಅಷ್ಟಲ್ಲ," ಎಂದು ಅತ್ತಿಗೆ ಶುರು ಮಾಡಿದರು. ಐದು ನಿಮಿಷಕ್ಕೆ ಇಸ್ತ್ರಿಪೆಟ್ಟಿಗೆ ಅವರ ಕೈಯಲ್ಲೇ ಇತ್ತು. "ನಾನು ಮಾಡಿದೆ ಕಣೇ ಡೆಲಿಗೇಟು. ನಿಮ್ಮಣ್ಣನಿಗೇ ಬರಲಿಲ್ಲ," ಎಂದರು. ನನಗೆ ಔಷಧಿ ಅಂಗಡಿಗೆ ಹೋಗುವ ಕೆಲಸ ಒಪ್ಪಿಸಿ, ನಾನು ಬೇರೆ ಏನಾದರೂ ತಂದುಬಿಟ್ಟೇನೆಂದು ತಾವೂ ಬೆನ್ನಿಗೇ ಬಂದರು. ಅಂಗಡಿ ಇರುವುದು ನಮ್ಮ ಮನೆಯ ಕೆಳಗೇ.

ನನಗೂ ರೇಗಿತು. "ಅರ್ಥ ಕಲಿತಿರಿ, ಬಳಕೆ ಕಲೀಲಿಲ್ಲ. ಒಪ್ಪಿಸಿದ ಮೇಲೆ ತಿರುಗಿ ನೋಡಬಾರದು," ಎಂದೆ.

"ನೋಡಬಾರದು ಅಂದ್ರೆ ದೇವರು ಕಣ್ಣು ಯಾಕೆ ಕೊಟ್ಟ?"

"ಅದು ಹೋಗದೆ ಇರಲಿ ಅಂತಾನೇ ಇಷ್ಟೆಲ್ಲ ಒದ್ದಾಡ್ತಿರೋದು."

ಆಪರೇಷನ್ನಿನ ಹಿಂದಿನ ಸಂಜೆ ಅತ್ತಿಗೆ ಹೋಗಿ ಬಟ್ಟೆ ಕೋಣೆಯ ಕೀಲಿಯನ್ನು ಗೊಣಗಮ್ಮನ ಕೈಗಿಟ್ಟು ಬಂದರು. ಹೆಣ್ಣು ಒಪ್ಪಿಸಿ ಬಂದವರ ಹಾಗೆ ಮೂಗು ಕೆಂಪಾಗಿತ್ತು.

ಮರುದಿನ ಬೆಳಿಗ್ಗೆ ಕಣ್ಣಿಗೆ ಹನಿ ಹಾಕಿ, ಗೌನು ತೊಡಿಸಿ, ತಲೆಗೆ ಟೋಪಿ ಹಾಕಿ ಅದೇ ಆಸ್ಪತ್ರೆಯ ಎರಡನೇ ಮಹಡಿಯ ಬೆಂಚಿನ ಮೇಲೆ ಕೂರಿಸಿದರು. ನಾನು ಕಾಗದಕ್ಕೆ ಸಹಿ ಹಾಕಿ ಬರುವಷ್ಟರಲ್ಲಿ ಬೆಂಚು ಖಾಲಿ. "ಇನ್ನು ಹತ್ತು ನಿಮಿಷಕ್ಕೆ ಕರೀತಾರೆ. ಇಲ್ಲಾಂದ್ರೆ ಎರಡು ತಿಂಗಳು ಕಾಯಬೇಕು," ಎಂದಳು ನರ್ಸ್. ಎಲ್ಲಿರುತ್ತಾರೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಇಳಿದೆ.

ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಅತ್ತಿಗೆ ಒಂದು ಕೈಯಲ್ಲಿ ಬೆನ್ನ ಹಿಂದೆ ಗೌನನ್ನು ಮುದುರಿ ಹಿಡಿದು ನಿಂತಿದ್ದರು. ಹಿಂದಿನ ಲಾಡಿ ಕಿತ್ತುಹೋಗಿತ್ತು.

"ಒಂದೇ ದಿನ ಬಿಟ್ಟಿದ್ದಕ್ಕೆ ಈ ಅವಸ್ಥೆ. ಲಾಡಿ ಇಲ್ಲದ ಗೌನನ್ನ ಮೇಲಕ್ಕೆ ಕಳಿಸಿದ್ದು ಯಾರು?"

ಗೊಣಗಮ್ಮ ಸೂಜಿಗೆ ದಾರ ಪೋಣಿಸುತ್ತ ಹತ್ತಿರ ಬಂದಳು. "ತಿರುಗಿ ಅಕ್ಕ," ಎಂದಳು. ಮೈಮೇಲಿದ್ದ ಗೌನಿಗೇ ಲಾಡಿ ಹೊಲಿಯತೊಡಗಿದಳು.

"ಕೇಳಿದ್ದು ಕೇಳಿಸಲಿಲ್ವಾ?"

"ಇದು ಮೊನ್ನೆ ನೀವೇ ನೋಡಿ ಕಳಿಸಿದ ಕಟ್ಟು ಅಕ್ಕ. ಅಂಚು ನಿಮ್ಮ ಬೆರಳಿಗೆ ಸಿಗುತ್ತೆ. ಲಾಡಿ ಕಣ್ಣಿಗೆ ಕಾಣಬೇಕು." ಇನ್ನೊಂದು ಹೊಲಿಗೆ ಹಾಕಿ ಹೇಳಿದಳು, "ಒಂದು ವರ್ಷದಿಂದ ನೀವು ಊಟಕ್ಕೆ ಹೋದಾಗ ನಾವು ಎಲ್ಲಾ ಇನ್ನೊಂದು ಸಲ ನೋಡ್ತೀವಿ. ಮೊನ್ನೆ ನೀವು ಊಟಕ್ಕೇ ಹೋಗಲಿಲ್ಲ."

ಇಷ್ಟು ದಿನ ಅತ್ತಿಗೆಯನ್ನು ಆಡಿಕೊಂಡವಳಿಗೇ ಆ ಹೊತ್ತು ಅವರ ಮುಖ ನೋಡಲಾಗಲಿಲ್ಲ. ವರ್ಷವಿಡೀ ಆ ಹೆಂಗಸರು ಒಂದು ಮಾತು ಹೊರಗೆ ಬಿಡದೆ ಅತ್ತಿಗೆಯ ಮಾನ ಕಾಪಾಡಿದ್ದರು. ಅತ್ತಿಗೆ ಕಪಾಟಿನ ಅಂಚು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತರು.

ಗೊಣಗಮ್ಮ ದಾರ ಕಚ್ಚಿ ತುಂಡರಿಸಿ ಲಾಡಿ ಬಿಗಿದಳು. ಆಗ ಅತ್ತಿಗೆ ಟೋಪಿಯೊಳಗೆ ಕೈ ಹಾಕಿ, ತುರುಬಿನಿಂದ ಅದೇ ಕೋಣೆಯ ಇನ್ನೊಂದು ಕೀಲಿ ಎಳೆದು ಅವಳ ಮುಂದೆ ಹಿಡಿದರು. "ಇದೂ ನಿನ್ನ ಹತ್ತಿರಾನೇ ಇರಲಿ."

ಗೊಣಗಮ್ಮ ಅದನ್ನು ತೆಗೆದುಕೊಂಡಳು, ಆದರೆ ಚಾಚಿದ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಮೂರನೇದು?"

ಅತ್ತಿಗೆ ನನ್ನ ಕಡೆ ತಿರುಗಿದರು. "ನಿಮ್ಮಣ್ಣನ ಜೇಬಲ್ಲಿದೆ. ಇಸ್ಕೊಂಡು ಬಂದು ಇವಳಿಗೆ ಕೊಡು. ಕೊಟ್ಟೆ ಅಂತ ನನಗೆ ಬಂದು ಹೇಳಬೇಡ," ಎಂದು ನನ್ನ ಭುಜ ಹಿಡಿದುಕೊಂಡು ಮೆಟ್ಟಿಲ ಕಡೆ ಹೊರಟರು.